ಇಲ್ಲದ ತಂಡದ ನಾದವನ್ನು ಕಟ್ಟಿದ ಬಗೆ

ಸ್ಟುಡಿಯೋಗಳಿಂದ ಕರೆ ಬಂದಾಗ ಹೋಗಿ ಗಿಟಾರ್ ನುಡಿಸಿ ಬರುವುದು ನನ್ನ ಕಸುಬು. ಬೆಂಗಳೂರಿನ ಹವ್ಯಾಸಿ ರಂಗತಂಡವೊಂದು ತನ್ನ ನಾಟಕಕ್ಕೆ 1960ರ ದಶಕದ ಕ್ಯಾಲಿಫೋರ್ನಿಯಾದ ಸರ್ಫ್ ರಾಕ್ (ಕಡಲ ಅಲೆಗಳ ಮೇಲೆ ಹಲಗೆಯಲ್ಲಿ ಜಾರುವ ಸರ್ಫಿಂಗ್ ಮೋಜಿನ ಜೊತೆ ಬೆಳೆದ ಗಿಟಾರ್ ಸಂಗೀತ) ಶೈಲಿಯ ವಾದ್ಯಸಂಗೀತ ಬೇಕೆಂದು ಕೇಳಿದಾಗ, ಆ ಶೈಲಿಯ ದೊರೆಯೆನಿಸಿದ ಡಿಕ್ ಡೇಲ್ ಅವರನ್ನು ಬಿಟ್ಟು ‘ದಿ ಮಾರ್ಕೆಟ್ಸ್’ ತಂಡವನ್ನು ಮಾದರಿಯಾಗಿಟ್ಟುಕೊಂಡೆ. ಡೇಲ್ ಅವರ ನಾದ ಅವರೊಬ್ಬರ ಕೈಯಿಂದ ಹುಟ್ಟಿದ್ದು. ಬೇರೆಯವರು ನುಡಿಸಿದರೆ ಅದು ಅನುಕರಣೆಯೆಂದೇ ಕೇಳಿಸುತ್ತದೆ. ಮಾರ್ಕೆಟ್ಸ್‌ನ ನಾದವಾದರೋ ನನ್ನಂತಹ ಕೂಲಿ ವಾದಕರೇ ಕೂಡಿ ಕಟ್ಟಿದ್ದು.

ನಿರ್ಮಾಪಕ ಜೋ ಸಾರಸೀನೊ ಲಾಸ್ ಏಂಜಲೀಸ್‌ನಲ್ಲಿ ದಿನವೂ ಬೇರೆ ಬೇರೆ ಗಾಯಕರಿಗೆ ನುಡಿಸುತ್ತಿದ್ದ ಹ್ಯಾಲ್ ಬ್ಲೇನ್, ಟಾಮಿ ಟೆಡೆಸ್ಕೊ ಮುಂತಾದ ನುರಿತ ವಾದಕರನ್ನು ಸೇರಿಸಿ, ಅವರ ವಾದನಕ್ಕೆ ತಂಡದ ಹೆಸರೊಂದನ್ನು ಅಂಟಿಸಿದರು. ಮೈಕೆಲ್ ಝಡ್. ಗಾರ್ಡನ್ ರಚಿಸಿದ ‘ಔಟ್ ಆಫ್ ಲಿಮಿಟ್ಸ್’ 1964ರ ಆರಂಭದಲ್ಲಿ ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯ 3ನೆಯ ಸ್ಥಾನಕ್ಕೇರಿತು. ಅದರ ನಾಲ್ಕು ಸ್ವರಗಳ ಪಲುಕು ‘ದಿ ಟ್ವಿಲೈಟ್ ಝೋನ್’ ಧಾರಾವಾಹಿಯದೆಂದು ಅದರ ಸೃಷ್ಟಿಕರ್ತ ರಾಡ್ ಸರ್ಲಿಂಗ್ ಮೊಕದ್ದಮೆಯನ್ನೂ ಹೂಡಿದರು. ಆದರೆ ಅದೇ ದಿನಗಳಲ್ಲಿ ಬೀಟಲ್ಸ್ ಅಮೆರಿಕದ ಪಟ್ಟಿಯ ತುದಿಗೇರಿದ್ದರು; ಕೇಳುಗರು ಹಾಡನ್ನಷ್ಟೇ ಅಲ್ಲ, ನಾಲ್ಕು ಮುಖಗಳನ್ನೂ ಪ್ರೀತಿಸತೊಡಗಿದಾಗ, ಮುಖವಿಲ್ಲದ ತಂಡಕ್ಕೆ ತೋರಿಸಲು ಏನೂ ಉಳಿಯಲಿಲ್ಲವೆಂದು ನನಗೆ ಅನ್ನಿಸುತ್ತದೆ. 1966ರಲ್ಲಿ ಬ್ಯಾಟ್‌ಮ್ಯಾನ್ ಧಾರಾವಾಹಿಯ ಶೀರ್ಷಿಕೆ ಸಂಗೀತದಿಂದ ಅವರು 17ನೆಯ ಸ್ಥಾನವನ್ನು ಮುಟ್ಟಿದ್ದೂ ಬೇರೆಯವರ ಜನಪ್ರಿಯತೆಯ ಬಲದಿಂದಲೇ.

ನನ್ನ ಕೆಲಸ ಗಿಟಾರಿನ ನಾದದಿಂದ ಶುರುವಾಯಿತು. ಫೆಂಡರ್ ಕಂಪನಿ 1961ರಲ್ಲಿ ಹೊರತಂದ ರಿವರ್ಬ್ (ಅನುರಣನ, ಅಂದರೆ ಸ್ವರದ ಹಿಂದೆ ಉಳಿಯುವ ಮಾರ್ದನಿ) ಪೆಟ್ಟಿಗೆಯಲ್ಲಿ ಗಿಟಾರಿನ ಸಂಕೇತ ಸ್ಪ್ರಿಂಗ್‌ಗಳ ಮೂಲಕ ಹಾದು, ಆಮೇಲೆ ಆಂಪ್ಲಿಫೈಯರ್ ಸೇರುತ್ತದೆ. ಆದ್ದರಿಂದ ಆಂಪ್ಲಿಫೈಯರ್ ಹಿಗ್ಗಿಸುವುದು ಬರಿಯ ತಂತಿಯ ಸ್ವರವನ್ನಲ್ಲ, ಆಗಲೇ ಅನುರಣನದಲ್ಲಿ ನೆನೆದ ಸ್ವರವನ್ನು. ಧ್ವನಿಮುದ್ರಣ ಮುಗಿದ ಮೇಲೆ ಕಂಪ್ಯೂಟರಿನಲ್ಲಿ ರಿವರ್ಬ್ ಸೇರಿಸಿದರೆ ಈ ಗುಣ ಬರುವುದಿಲ್ಲ. ಅದೇ ಮಾದರಿಯ ಪೆಟ್ಟಿಗೆಯೊಂದನ್ನು ಎರವಲು ತಂದು, ಸ್ಪ್ರಿಂಗನ್ನು ಎಷ್ಟು ಜೋರಾಗಿ ಅಲುಗಿಸಬೇಕೆಂಬುದನ್ನು ನಿರ್ಧರಿಸುವ ಡ್ವೆಲ್ ಗುಬುಟನ್ನು ಮುಕ್ಕಾಲು ಪಾಲು ತಿರುಗಿಸಿ, ದಪ್ಪ ತಂತಿಗಳನ್ನು ಹಾಕಿ, ಅಂಗೈಯ ಅಂಚನ್ನು ತಂತಿಗಳನ್ನು ಹೊತ್ತ ಬ್ರಿಜ್‌ನ ಮೇಲೆ ಒತ್ತಿ ಪ್ಲೆಕ್ಟ್ರಮ್‌ನಿಂದ ಚುಟುಕಾಗಿ ಮೀಟಿದೆ. ಸ್ವರ ಗಕ್ಕನೆ ನಿಂತರೂ ಸ್ಪ್ರಿಂಗ್ ನಿಲ್ಲದೆ, ತೊಟ್ಟಿಯಲ್ಲಿ ನೀರು ತೊಟ್ಟಿಕ್ಕಿದಂತಹ ಸದ್ದು ಕೇಳಿಸುತ್ತದೆ. ಸರ್ಫ್ ಗಿಟಾರಿನ ಜೀವ ಅದರಲ್ಲಿದೆ.

ಇನ್ನು ತಂಡದ ಪ್ರಶ್ನೆ. ಎಲ್ಲ ವಾದ್ಯಗಳನ್ನೂ ಒಂದರ ಮೇಲೊಂದು ಪದರವಾಗಿ ಒಬ್ಬನೇ ನುಡಿಸಬಹುದಿತ್ತು, ಖರ್ಚೂ ಉಳಿಯುತ್ತಿತ್ತು. ಆದರೆ ಮಾರ್ಕೆಟ್ಸ್ ಹೆಸರಿಗಷ್ಟೇ ಕೃತಕ ತಂಡ. ವಾದಕರು ಒಂದೇ ಕೋಣೆಯಲ್ಲಿ ಒಬ್ಬರನ್ನೊಬ್ಬರು ಕೇಳುತ್ತ ನುಡಿಸಿದ್ದು ಕೃತಕವಲ್ಲ. ಹಾಗಾಗಿ ಡ್ರಮ್ಸ್, ಬಾಸ್ ಮತ್ತು ಎರಡು ಗಿಟಾರ್‌ಗಳ ನಾಲ್ವರು ಒಟ್ಟಿಗೆ ಕುಳಿತೆವು. ವಾದಕರ ಕಿವಿಯಲ್ಲಿ ಲಯ ಎಣಿಸುವ ಯಂತ್ರದ ಟಿಕ್ ಟಿಕ್ ಸದ್ದು, ಅಂದರೆ ಕ್ಲಿಕ್ ಟ್ರ್ಯಾಕ್ ಬೇಡವೆಂದೆ. ಡ್ರಮ್ಸ್‌ನ ಸದ್ದು ಗಿಟಾರಿನ ಮೈಕಿಗೆ ಸೋರುತ್ತಿದ್ದರೂ ತಡೆಗೋಡೆ ಇಡಲಿಲ್ಲ, ಏಕೆಂದರೆ ಆ ಸೋರಿಕೆಯಿಂದಲೇ ಕೋಣೆಯ ಅಳತೆ ಕೇಳುಗರ ಕಿವಿಗೆ ತಿಳಿಯುತ್ತದೆ. ಡ್ರಮ್ಸ್ ನುಡಿಸುವ ಗೆಳೆಯರು ಟಾಮ್ ಎಂಬ ಡ್ರಮ್‌ಗಳ ಮೇಲೆ ಉರುಳಿಕೆ ಹಾಕುವಾಗ ಲಯ ಕೂದಲೆಳೆಯಷ್ಟು ಮುಂದಕ್ಕೆ ಓಡುತ್ತಿತ್ತು, ಬಾಸ್ ಅದರ ಬೆನ್ನಿಗೇ ಓಡುತ್ತಿತ್ತು. ಅದನ್ನು ತಿದ್ದುವ ಮನಸ್ಸು ನನಗಿರಲಿಲ್ಲ.

ಮಿಶ್ರಣವನ್ನು ಮೋನೋದಲ್ಲಿಯೇ, ಅಂದರೆ ಎಡ–ಬಲವೆಂದು ಬೇರ್ಪಡಿಸದೆ ಒಂದೇ ವಾಹಿನಿಯಲ್ಲಿ ಮಾಡಿದೆ. ಆ ಕಾಲದ ಸಿಂಗಲ್‌ಗಳು ಮುಖ್ಯವಾಗಿ ಎ.ಎಂ. ರೇಡಿಯೋ ಮತ್ತು ಕಾರಿನ ಒಂಟಿ ಸ್ಪೀಕರನ್ನು ಗುರಿಯಾಗಿಸಿಕೊಂಡಿದ್ದವು; ನಮ್ಮ ರಂಗಮಂದಿರದಲ್ಲಿಯೂ ಒಂದು ಬದಿಯ ಸ್ಪೀಕರ್ ಮಾತ್ರ ಸರಿಯಾಗಿ ಕೆಲಸ ಮಾಡುತ್ತಿದ್ದುದರಿಂದ ಇದಕ್ಕೆ ಯಾರ ಆಕ್ಷೇಪವೂ ಬರಲಿಲ್ಲ.