ಜೋಡುನಳಿಗೆಯ ಸ್ಕ್ರೂ ಗೀರು ಸಾಲಿಗೆ ಬಂದದ್ದು

ಕಲಬುರಗಿಯ ಪರವಾನಗಿ ಇರುವ ವರ್ಕ್‌ಶಾಪ್‌ಗೆ ಬಂದ ಹಳೆಯ ಜೋಡುನಳಿಗೆ ಬಂದೂಕು. ಪಕ್ಕದ ಪ್ಲೇಟಿನ ಸ್ಕ್ರೂ ಪೂರ್ತಿ ಬಿಗಿದರೂ ತಲೆಯ ಗೀರು, ಅಂದರೆ ಸ್ಕ್ರೂಡ್ರೈವರ್ ಕೂರುವ ಸೀಳು, ನಳಿಗೆಯ ಉದ್ದದ ಸಾಲಿಗೆ ಬರದೆ 30 ಡಿಗ್ರಿ ಮೊದಲೇ ನಿಲ್ಲುತ್ತಿತ್ತು. ಜೋರು ಹಾಕಿದರೆ ಗೀರಿನ ಅಂಚು ಕಿತ್ತುಬರುತ್ತದೆ, ಆ ಹಟ ಬೇಡ.

ಮೊದಲು ತಲೆ ಕೂರುವ ಗುಳಿಯ ಜಂಗು, ಒಣಗಿದ ಎಣ್ಣೆ ತೆಗೆದೆ; ಎಷ್ಟೋ ಸಲ ತಪ್ಪು ಅಲ್ಲೇ ಇರುತ್ತದೆ. ಇಲ್ಲಿ ಇರಲಿಲ್ಲ.

ಥ್ರೆಡ್‌ನ ಪಿಚ್, ಅಂದರೆ ಒಂದು ಸುತ್ತಿಗೆ ಸ್ಕ್ರೂ ಒಳಗಿಳಿಯುವ ದೂರ, 0.7 ಮಿ.ಮೀ. 30 ಡಿಗ್ರಿ ಎಂದರೆ ಸುತ್ತಿನ ಹನ್ನೆರಡನೇ ಒಂದು ಪಾಲು, ತಲೆಯ ಅಡಿಯಿಂದ ತೇಯಬೇಕಾದ್ದು ಸುಮಾರು 0.06 ಮಿ.ಮೀ. ಸ್ಕ್ರೂವನ್ನು ಸೀಳಿದ ಹಿತ್ತಾಳೆ ಬುಷ್‌ನಲ್ಲಿ (ಚಿಕ್ಕ ಕೊಳವೆ) ಹಿಡಿದು ಲೇತ್‌ನಲ್ಲಿ ನಿಧಾನ ತಿರುಗಿಸುತ್ತ ನುಣುಪು ಅರ ತಾಗಿಸಿದೆ. 5 ಡಿಗ್ರಿ ಬಾಕಿ ಇರುವಾಗಲೇ ನಿಲ್ಲಿಸಿದೆ, ಕೊನೆಯ ಬಿಗಿತ ಅದನ್ನು ತುಂಬಿತು.

ಗೀರು 20 ಡಿಗ್ರಿ ದಾಟಿದ್ದರೆ? ಗೀರು ಅರ್ಧ ಸುತ್ತಿಗೊಮ್ಮೆ ಸಾಲಿಗೆ ಬರುವುದರಿಂದ ಇನ್ನೂ 160 ಡಿಗ್ರಿ, ಅಂದರೆ 0.31 ಮಿ.ಮೀ. ತೇಯಬೇಕು, ತಲೆ ಹೂತುಹೋಗುತ್ತದೆ. ಆಗ ಗೀರಿಲ್ಲದ ಹೊಸ ಸ್ಕ್ರೂ ಬಿಗಿದು, ಗುರುತು ಹಾಕಿ, ಬಿಚ್ಚಿ ಗೀರು ಕೊಯ್ಯುವುದೇ ಸರಿ.