ಪಾಡ್ಯದ ಆಕಳ ಪೂಜೆ: ಮೊದಲು ಕಣಕಿ, ಆಮೇಲೆ ಹೋಳಿಗೆ

ಕಳೆದ ದೀಪಾವಳಿ ಪಾಡ್ಯದಂದು ಕಲಬುರಗಿಯ ನಮ್ಮ ಓಣಿಯ ಒಂದು ಆಕಳಿಗೆ ಬೆಳಗಿನಿಂದ ಹತ್ತಾರು ಮನೆಗಳ ಹೋಳಿಗೆ ಬಂದಿತ್ತು. ಸಂಜೆಯ ಹೊತ್ತಿಗೆ ಅದರ ಎಡಹೊಟ್ಟೆ ಹಲಗೆಯಂತೆ ಬಿಗಿದು, ಮೆಲುಕು ನಿಂತು, ಆರತಿ ಎತ್ತಿದವರೇ ಪಶುವೈದ್ಯರನ್ನು ಕರೆತರಲು ಓಡಬೇಕಾಯಿತು. ಔರಾದ, ಭಾಲ್ಕಿ ಕಡೆಯ ಮರಾಠಿ ಮಾತಿನ ಮನೆಗಳಲ್ಲಿ ಆಶ್ವಯುಜ ಬಹುಳ ದ್ವಾದಶಿಯ ವಸುಬಾರಸದಂದು ಕರುವಿನೊಡನೆ ಆಕಳನ್ನು ಪೂಜಿಸುವವರಿಗೂ ಮೊದಲು ಕಣಕಿ (ಜೋಳದ ಒಣದಂಟಿನ ಮೇವು), ಆಮೇಲೆ ಹೋಳಿಗೆ ಎಂಬ ಮಾತು ಅನ್ವಯಿಸುತ್ತದೆ.

ಬೆಳಿಗ್ಗೆ ಕರು ಕುಡಿದು, ಹಾಲು ಕರೆದಾದ ಮೇಲೆ, ಕಿವಿಯೊಳಗೆ ನೀರು ಹೋಗದಂತೆ ಆಕಳ ಮೈ ತೊಳೆಯಿರಿ. ಕೊಂಬಿಗೆ ಎಣ್ಣೆ ಸವರಿ ಹುರಮಂಜ (ಕೆಮ್ಮಣ್ಣು) ಹಚ್ಚಿದರೆ ಸಾಕು. ಗೇಟಿಗೆ ಬಳಿದು ಉಳಿದ ಆಯಿಲ್ ಪೇಂಟಿನ ಡಬ್ಬಿ ಕೊಟ್ಟಿಗೆಗೆ ಬರಲೇಬಾರದು. ಅಂದಕ್ಕೆಂದು ಕೊಂಬು ಹೆರೆಯಲೂ ಬೇಡಿ, ಏಕೆಂದರೆ ಅದರ ಬುಡದಲ್ಲಿ ಜೀವಂತ ಎಲುಬು, ರಕ್ತನಾಳಗಳಿರುತ್ತವೆ. ಚೆಂಡುಹೂವಿನ ಮಾಲೆಯನ್ನು ಹತ್ತಿಯ ನೂಲಿನಲ್ಲಿ ಕಟ್ಟಿರಿ. ಸಂತೆಯಲ್ಲಿ ಸಿಗುವ ಪ್ಲಾಸ್ಟಿಕ್ ಜರಿಮಾಲೆ ಅಗ್ಗವೇನೋ ನಿಜ, ಆದರೆ ಅದನ್ನು ಕರು ಎಳೆದು ನುಂಗುತ್ತದೆ.

ಕಾಲಿಗೆ ನೀರು ಹಾಕಿ, ಹಣೆಗೆ ಅರಿಷಿಣ ಕುಂಕುಮವಿಟ್ಟು, ಆಕಳಿಗೆ ಕಾಣುವಂತೆ ಓರೆಯಲ್ಲಿ ನಿಂತು ಆರತಿ ಬೆಳಗಿರಿ.

ಎಡವಟ್ಟಾಗುವುದು ನೈವೇದ್ಯದಲ್ಲಿ. ಆಕಳ ನಾಲ್ಕು ಭಾಗಗಳ ಹೊಟ್ಟೆಯಲ್ಲಿ ಎಡಗಡೆಯ ದೊಡ್ಡ ಚೀಲದಲ್ಲಿರುವ ಸೂಕ್ಷ್ಮಜೀವಿಗಳು ದಿನವೂ ಮೇವನ್ನು ಕರಗಿಸುವ ರೂಢಿಯವು. ಒಮ್ಮೆಲೇ ಬೆಲ್ಲ, ಗೋಧಿ, ಅನ್ನ ರಾಶಿಯಾಗಿ ಬಿದ್ದರೆ ಅಲ್ಲಿ ಹುಳಿ ಏರುತ್ತದೆ, ಮೆಲುಕು ನಿಲ್ಲುತ್ತದೆ, ತಡಮಾಡಿದರೆ ಜೀವವೂ ಹೋಗುತ್ತದೆ. ಆದ್ದರಿಂದ ಪೂಜೆಗೆ ಮೊದಲೇ ಹೊಟ್ಟೆ ತುಂಬ ಜೋಳದ ಕಣಕಿ ಹಾಕಿ, ನೀರು ಕುಡಿಸಿರಿ. ಹಸಿದ ಆಕಳು ಹೋಳಿಗೆಯನ್ನು ಅಗಿಯದೆ ನುಂಗುತ್ತದೆ. ಆಮೇಲೆ ಮನೆಯವರೆಲ್ಲರ ಪರವಾಗಿ ಒಂದೇ ಹೋಳಿಗೆಯನ್ನು ಮುರಿದು, ಚೂರುಚೂರಾಗಿ, ಅಂಗೈ ಚಾಚಿ ತಿನ್ನಿಸಿರಿ. ನನ್ನ ಮನೆಯ ಲೆಕ್ಕ ಇಷ್ಟೇ, ನೆರೆಯವರು ಮುನಿದರೂ ಇದು ಬದಲಾಗಿಲ್ಲ. ಹಿಂದಿನ ದಿನದ ಹಳಸಿದ ಅನ್ನವನ್ನು "ಆಕಳಿಗಾದರೂ ಆಗಲಿ" ಎಂದು ತರುವವರನ್ನು ಬಾಗಿಲಲ್ಲೇ ತಡೆಯಿರಿ.

ಮೆಲುಕು ನಿಂತರೆ, ಎಡಪಕ್ಕೆ ಉಬ್ಬಿದರೆ, ಹಲ್ಲು ಕಡಿದರೆ ಕೂಡಲೇ ವೈದ್ಯರನ್ನು ಕರೆಯಿರಿ. ತಲೆ ಎತ್ತಿ ಹಿಡಿದು ಬಾಟಲಿಯಿಂದ ಎಣ್ಣೆ, ಸೋಡಾ ಸುರಿಯುವ ಮನೆಮದ್ದು ಬೇಡ, ಅದು ಶ್ವಾಸಕೋಶಕ್ಕೆ ಇಳಿಯಬಹುದು.

ಓಣಿಯವರು ತಂದ ಉಳಿದ ಹೋಳಿಗೆಯನ್ನು ಬುಟ್ಟಿಯಲ್ಲಿಟ್ಟುಕೊಂಡು, ಪಟಾಕಿ ಹಿಡಿದು ಬಂದ ಮಕ್ಕಳಿಗೆ, ಕೊಟ್ಟಿಗೆಯಿಂದ ದೂರ ಕರೆದೊಯ್ದು ಹಂಚಿರಿ.