ವಿಪಿಎನ್‌ಗೆ ವರ್ಷದ ಹಣ ಕಟ್ಟುವ ಮುನ್ನ

ವಿಪಿಎನ್ (ನಮ್ಮ ಇಂಟರ್ನೆಟ್ ಸಂಪರ್ಕವನ್ನು ಮರೆಮಾಡಿ ತನ್ನ ಸರ್ವರ್, ಅಂದರೆ ದೂರದ ಕಂಪ್ಯೂಟರ್, ಮೂಲಕ ಕಳಿಸುವ ಸೇವೆ) ಹಾಕಿಕೊಂಡರೆ ನಮ್ಮ ಗುರುತೇ ಸಿಗುವುದಿಲ್ಲ ಎಂಬ ಜಾಹೀರಾತಿನ ಮಾತನ್ನು ಪೂರ್ತಿ ನಂಬಬೇಡಿ. ನೀವು ಯಾವ ಜಾಲತಾಣಗಳಿಗೆ ಹೋಗುತ್ತೀರಿ ಎಂಬುದು ಇಂಟರ್ನೆಟ್ ಕೊಡುವ ಕಂಪನಿಗೆ ಕಾಣದಂತಾಗುತ್ತದೆ ನಿಜ, ಆದರೆ ಅದೇ ಮಾಹಿತಿ ಈಗ ವಿಪಿಎನ್ ಕಂಪನಿಯ ಕೈ ಸೇರುತ್ತದೆ. ಗೂಗಲ್‌ಗೆ ಲಾಗಿನ್ ಆಗಿಯೇ ಇದ್ದರಂತೂ ನೀವು ಯಾರೆಂದು ಗೂಗಲ್‌ಗೆ ತಿಳಿದೇ ಇರುತ್ತದೆ.

ಆದ್ದರಿಂದ ಬೆಲೆಗಿಂತ ಮೊದಲು, ಗ್ರಾಹಕರ ಬಳಕೆಯ ದಾಖಲೆ ಇಡುವುದಿಲ್ಲವೆಂಬ ಕಂಪನಿಯ ಹೇಳಿಕೆಯನ್ನು ಹೊರಗಿನ ಸಂಸ್ಥೆಯೊಂದು ತಪಾಸಣೆ ಮಾಡಿದೆಯೇ ಎಂದು ನೋಡಿ. 2022ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ಹೊರಡಿಸಿದ ನಿರ್ದೇಶನವು ವಿಪಿಎನ್ ಕಂಪನಿಗಳು ಗ್ರಾಹಕರ ಹೆಸರು, ವಿಳಾಸ, ಐಪಿ (ಇಂಟರ್ನೆಟ್ ಸಂಪರ್ಕದ ಸಂಖ್ಯಾ ವಿಳಾಸ) ಮುಂತಾದ ವಿವರಗಳನ್ನು 5 ವರ್ಷ ಕಾಯ್ದಿಡಬೇಕೆಂದು ವಿಧಿಸಿದ್ದರಿಂದ ಎಕ್ಸ್‌ಪ್ರೆಸ್ ವಿಪಿಎನ್, ಸರ್ಫ್‌ಶಾರ್ಕ್, ನಾರ್ಡ್ ವಿಪಿಎನ್ ಕಂಪನಿಗಳು ಭಾರತದಲ್ಲಿದ್ದ ತಮ್ಮ ಸರ್ವರ್‌ಗಳನ್ನೇ ತೆಗೆದುಬಿಟ್ಟವು. ಹೀಗಾಗಿ ಆ್ಯಪ್‌ನಲ್ಲಿ ‘ಇಂಡಿಯಾ’ ಎಂದು ಕಂಡರೂ ಆ ಸರ್ವರ್ ಯಂತ್ರವು ಸಿಂಗಪುರದಂಥ ಕಡೆ ಇರಬಹುದು. ವಿದೇಶದಲ್ಲಿದ್ದು ಇಂಥ ‘ಇಂಡಿಯಾ’ ಸರ್ವರ್ ಮೂಲಕ ಕನ್ನಡ ಧಾರಾವಾಹಿ ನೋಡಬಯಸುವವರು ರಾತ್ರಿಯ ದಟ್ಟಣೆಯ ಹೊತ್ತಿನಲ್ಲೇ ವೇಗವನ್ನು ಪರೀಕ್ಷಿಸಬೇಕು. ಒಟಿಟಿ ಸೇವೆಗಳು ವಿಪಿಎನ್ ವಿಳಾಸಗಳನ್ನು ಗುರುತಿಸಿ ತಡೆಯುತ್ತಲೇ ಇರುತ್ತವೆ, ಅವುಗಳ ನಿಯಮಗಳೂ ವಿಪಿಎನ್ ಬಳಕೆಯನ್ನು ಸಾಮಾನ್ಯವಾಗಿ ಒಪ್ಪುವುದಿಲ್ಲ.

ಆಂಡ್ರಾಯ್ಡ್ ಫೋನಿನ ವಿಪಿಎನ್ ಸೆಟ್ಟಿಂಗ್ಸ್‌ನಲ್ಲಿ, ವಿಪಿಎನ್ ಇಲ್ಲದ ಸಂಪರ್ಕವನ್ನು ತಡೆಯುವ ಆಯ್ಕೆಯನ್ನು ಆನ್ ಮಾಡಿ, ಬಳಿಕ ಆ್ಯಪ್‌ನಲ್ಲಿ ಸಂಪರ್ಕ ಕಡಿದು ಬ್ರೌಸರ್ ತೆರೆಯಿರಿ. ಪುಟ ತೆರೆದುಕೊಂಡರೆ ಸಂಪರ್ಕವು ವಿಪಿಎನ್‌ನ ಹೊರಗೆ ಸೋರುತ್ತಿದೆ ಎಂದರ್ಥ. ಹಣ ವಾಪಸ್ ಕೊಡುವ ಅವಧಿ ಮುಗಿಯುವುದರೊಳಗೆ ಇದನ್ನೆಲ್ಲ ಮುಗಿಸಿಕೊಳ್ಳಿ.